ಹರಿಗೋಲಿಗೆ ಅರ್ಧ ಟಿಕೆಟ್ಟು

ಇಪ್ಪತ್ತೆರಡು ವರ್ಷ ದಾವಣಗೆರೆಯ ಕಚೇರಿಯಲ್ಲಿ
ನೀರಿನ ಬಿಲ್ಲು ಬರೆದವಳು ನಾನು.
ಹೊಳೆ ನನಗೆ ಗೊತ್ತಿದ್ದದ್ದು
ರೂಪಾಯಿಯಲ್ಲಿ, ಬಾಕಿಯಲ್ಲಿ,
ನಲ್ಲಿಗೆ ಬೀಗ ಜಡಿಯುವ ನೋಟೀಸಿನಲ್ಲಿ.

ಎರಡನೇ ಶನಿವಾರ. ಮಾಗಿಯ ನಸುಕು.
ಉಕ್ಕಡಗಾತ್ರಿಯ ಕೆಳಗೆ, ಮರಳಿನ ದಂಡೆ.
ಅಂಬಿಗರ ಗುತ್ಯಪ್ಪ ತಲೆಮೇಲಿನ ಹರಿಗೋಲನ್ನು
ದೋಸೆ ಮಗುಚಿದ ಹಾಗೆ ಮಗುಚಿ ನೀರಿಗಿಟ್ಟ.
ಬಿದಿರಿನ ಬುಟ್ಟಿ, ಯೂರಿಯಾ ಚೀಲದ ಅಂಗಿ,
ಡಾಂಬರಿನ ಕಾಡಿಗೆ.
"ನಡುವಿಗೆ ಕುಂದರ್ರಿ ಅಕ್ಕಾರ.
ಅಂಚು ಹಿಡೀಬ್ಯಾಡ್ರಿ.
ಅಂಚು ಹಿಡಿದೋರ್ನ ಹೊಳಿ ಗುರುತಿಟ್ಕಂತತಿ."

ಮುಂದಕ್ಕೆ ಹೋಗುವುದಿಲ್ಲ ಹರಿಗೋಲು, ಸುತ್ತುತ್ತದೆ;
ಸುತ್ತುತ್ತ ಸುತ್ತುತ್ತ
ಮುಂದಕ್ಕೆ ಹೋಗಿಬಿಟ್ಟಿರುತ್ತದೆ.
ಈಗ ಎದುರಿಗೆ ನಮ್ಮ ಜಿಲ್ಲೆ, ಭತ್ತದ ಸಸಿಮಡಿ,
ಈಗ ಹಾವೇರಿ, ಇಟ್ಟಿಗೆ ಭಟ್ಟಿಯ ಹೊಗೆ,
ಮತ್ತೆ ನಮ್ಮದು.
ಎರಡನ್ನೂ ಒಂದೇ ಒರಳಿಗೆ ಹಾಕಿ
ಕಣ್ಣಲ್ಲೇ ರುಬ್ಬುತ್ತ ಕೂತೆ.

ಈ ಊರುಗಳನ್ನು ಬಸ್ಸಿನಿಂದ ಬಲ್ಲೆ:
ಕಮಾನು, ಫ್ಲೆಕ್ಸು, ಹಾಲಿನ ಡೇರಿ.
ಹೊಳೆಯಿಂದ ಕಂಡದ್ದು ಊರಿನ ಬೆನ್ನು.
ಬನಿಯನ್ನಿನಲ್ಲಿ ಹಲ್ಲುಜ್ಜುವ ಪಂಚಾಯ್ತಿ ಮೆಂಬರು;
ಒದ್ದೆ ಕೌದಿಯ ಎರಡು ತುದಿ ಹಿಡಿದು ಹಿಂಡುವ ಇಬ್ಬರು,
ಜಗಳವೋ ನಗುವೋ ತಿಳಿಯಲಿಲ್ಲ;
ಸೊಂಟದವರೆಗೆ ಹೊಳೆ ಉಟ್ಟ ಎಮ್ಮೆಗಳು.
ಯಾರೂ ನಮಗಾಗಿ ಮುಖ ಸರಿಮಾಡಿಕೊಳ್ಳಲಿಲ್ಲ.

ಗುತ್ಯಪ್ಪ ಕಣ್ಣು ಮುಚ್ಚಿಯೇ ಹೇಳುತ್ತಾನೆ:
"ಈ ಪಂಪ್‌ಸೆಟ್ಟು ಕೆಮ್ತತಿ ಕೇಳ್ರಿ, ಇದು ಎಳೆಹೊಳಿ.
ಇದು ಎರಡು ಸಲ ಬಿಕ್ಕಿ ಸುಮ್ಕಾಗತತಿ, ಧೂಳೆಹೊಳಿ."
ಧೂಳೆಹೊಳೆ! ನೀರಿನ ಪಕ್ಕ ಕೂತು
ಧೂಳನ್ನು ಹೆಸರಿಗಿಟ್ಟುಕೊಂಡ ಊರು.
ಯಾಕೆ ಹಾಗೆ, ಕೇಳಿದೆ.
"ನೋಡಾಕ ಬಂದೋರು ಎಲ್ಲಾರೂ ಕೇಳ್ತಾರ.
ನಾವೇನು ಹೆಸರು ಕುಡೀತೀವಾ ಅಕ್ಕಾರ."

ನಡುಹಗಲಿಗೆ ಪ್ಯಾರಂಬಿ ಹತ್ತಿದಳು, ಮಡಿಲಲ್ಲಿ ಕುಕ್ಕರು.
ಸೀಟಿ ಕೆಟ್ಟು ತಿಂಗಳು. ರಿಪೇರಿಯವನು ಆಚೆ ದಡ.
ಸೇತುವೆ ಬಳಸಿದರೆ ಎರಡು ಬಸ್ಸು, ಇಡೀ ದಿನ;
ಹೊಳೆ ದಾಟಿದರೆ ಒಂದು ಎಲೆಯಡಿಕೆಯಷ್ಟು ಹೊತ್ತು.
ನಡುನೀರಲ್ಲಿ ಮುಚ್ಚಳ ತೆಗೆದಳು:
ಒಳಗೆ ರಿಪೇರಿಯವನಿಗೆಂದು ಹತ್ತು ಬದನೆಕಾಯಿ.
ಎರಡು ನನಗೆ ಕೊಟ್ಟು ಕೇಳಿದಳು,
"ಏನು ಕೆಲ್ಸ ಮಾಡ್ತೀಯವ್ವಾ?"
ನೀರಿನ ಮೇಲೆ ಕೂತು ಅದನ್ನು ಹೇಗೆ ಹೇಳಲಿ.
"ಲೆಕ್ಕ ಬರೀತೀನಿ" ಅಂದೆ.

ಸಂಜೆಗೆ ರಾಜನಹಳ್ಳಿ.
ನೀರಿಗೆ ಕಾಲಿಟ್ಟು ನಿಂತ ಸಿಮೆಂಟಿನ ದುಂಡು ಮನೆ,
ಹೊಟ್ಟೆಯೊಳಗೆ ಗುಂಯ್ ಅನ್ನುವ ಮೋಟಾರು.
ಗುತ್ಯಪ್ಪ ಹುಟ್ಟು ಒತ್ತಿ ದೂರ ಸರಿಸಿದ.
"ಹತ್ರ ಹೋಗಂಗಿಲ್ರಿ, ಎಳಕಂತತಿ.
ಇಲ್ಲಿಂದ ದಾವಣಗೇರಿ ಕುಡೀತತಿ."

ಗೊತ್ತಿತ್ತು.
'ಮೂಲ: ರಾಜನಹಳ್ಳಿ' ಎಂದು
ಫೈಲಿನಲ್ಲಿ ಸಾವಿರ ಸಲ ಬರೆದ ಕೈ ಇದು.
ಅದೇ ಕೈಯನ್ನು ಅಂಚಿನಾಚೆ ಇಳಿಬಿಟ್ಟೆ,
ಗುತ್ಯಪ್ಪ ಬೈಯಲಿಲ್ಲ.
ಬೆರಳ ಸಂದಿಯಿಂದ ನೀರು ಹೋಯಿತು, ಮೀಟರಿಲ್ಲದೆ,
ಆ ದುಂಡು ಮನೆಯ ಕಡೆಗೆ,
ಕೊಡ ಹಿಡಿದು ಸಾಲು ನಿಂತವರ ಕಡೆಗೆ,
ಏಳು ತಿಂಗಳ ಬಾಕಿಯ ದೇವೀರಮ್ಮನ ಕಡೆಗೆ.
ಅವಳ ನೋಟೀಸು ನಾನೇ ಬರೆದದ್ದು.
ಶುಕ್ರವಾರ, ಊಟದ ಬೆಲ್ಲಿಗೆ ಮೊದಲು.

ಹರಿಹರದಲ್ಲಿ ಇಳಿದ ಮೇಲೂ
ನೆಲ ಸುತ್ತುತ್ತಲೇ ಇತ್ತು.
ಹೊಳೆಗೆ ಇಳಿಯುವುದಷ್ಟೇ ಗೊತ್ತು, ಹತ್ತಲು ಬಾರದು;
ಹರಿಗೋಲು ಊರು ಸೇರಬೇಕಾದರೆ ಖಾಸಗಿ ಬಸ್ಸಿನ ನೆತ್ತಿ.
ಕಂಡಕ್ಟರು ತಲೆ ಕೆರೆದುಕೊಂಡ,
"ಇದಕ್ಕೇನಂತ ಹರೀಲಪ್ಪಾ, ಲಗೇಜೋ ಮಂದಿಯೋ?"
"ಅರ್ಧ ಟಿಕೆಟ್ ಹರೀರಿ. ಇನ್ನಾ ಸಣ್ಣದೈತಿ."

ಕವುಚಿ ಕಟ್ಟಿಸಿಕೊಂಡು, ಕಪ್ಪು ಹೊಟ್ಟೆ ಆಕಾಶಕ್ಕೆ ತೋರಿಸುತ್ತ
ಅದು ಮೇಲಿನ ಊರಿಗೆ ಹೊರಟಿತು.
ನಾನು ಎದುರಿನ ಬಸ್ಸು ಹತ್ತಿದೆ.
ಚೀಲದಲ್ಲಿ ಎರಡು ಬದನೆಕಾಯಿ.
ಸೋಮವಾರ ಕಚೇರಿಗೆ ಹೋಗುವಾಗ
ದೇವೀರಮ್ಮನ ಮನೆ
ದಾರಿಯಲ್ಲೇ ಬರುತ್ತದೆ.